ಮೂರನೆಯ ವಾರದ ಕಟ್ಟು

ಕುರಿಯ ಹಿಂಗಾಲಿನಲ್ಲಿ ಎರಡು ಬೆರಳಗಲ ರೋಮ ಸವೆದು ಚರ್ಮ ಕಾಣುತ್ತಿತ್ತು. ಪಟ್ಟಿ ಮೇಡಂ ಬಗ್ಗಿ ನೋಡಿದಳು. ಪಕ್ಕದ ಕುರಿಗೂ ಅದೇ ಜಾಗದಲ್ಲಿ ಅದೇ ಗುರುತು. ಆರಕ್ಕೆ ಆರೂ ಹಾಗೇ ಇದ್ದವು. ನಾಳೆ ಬೆಳಿಗ್ಗೆ ಹತ್ತಕ್ಕೆ ಅನುಮತಿ ಕೊಡುವ ಸಮಿತಿಯ ಮುಂದಿಡಲು ಒಂದೆರಡು ಒಳ್ಳೆಯ ಫೋಟೊ ತೆಗೆದುಕೊಂಡು ಹೋಗೋಣವೆಂದು ಬಂದವಳು ಕ್ಯಾಮೆರಾ ಕೆಳಗಿಳಿಸಿದಳು.

ಅವಳ ನಿಜವಾದ ಹೆಸರು ಕುರಿಕೊಟ್ಟಿಗೆಯ ಕಡೆ ಯಾರಿಗೂ ಬೇಕಿರಲಿಲ್ಲ. ಹರಿದ ಸ್ನಾಯುರಜ್ಜುವಿನ ಮೇಲೆ ಹೊದಿಸುವ ಪಟ್ಟಿ ಮಾಡುವವಳು, ಆದ್ದರಿಂದ ಪಟ್ಟಿ ಮೇಡಂ. ಕೂದಲಿಗಿಂತ ಸಣ್ಣ ಎಳೆಗಳಿಂದ ನೇಯ್ದ, ಮೈಯೊಳಗೆ ತಾನಾಗಿ ಕರಗಿಹೋಗುವ ಪಟ್ಟಿ ಅದು. ಆ ಎಳೆಗಳನ್ನು ಹಿಡಿದುಕೊಂಡು ಮೈ ತನ್ನ ಹೊಸ ರಜ್ಜುವನ್ನು ತಾನೇ ಕಟ್ಟಿಕೊಳ್ಳಬೇಕು, ತಾರಸಿ ಹಾಕುವಾಗ ಕೆಳಗೆ ಕೊಡುವ ಸೆಂಟ್ರಿಂಗಿನ ಹಾಗೆ. ಬೇಗ ಕಳಚಿದರೆ ತಾರಸಿ ಕುಸಿಯುತ್ತದೆ, ಕಳಚದೇ ಬಿಟ್ಟರೆ ಆ ಮನೆಯಲ್ಲಿ ಬದುಕುವ ಹಾಗಿಲ್ಲ. ಈ ಹದ ಹುಡುಕುವುದರಲ್ಲೇ ಐದು ವರ್ಷ, ಹನ್ನೊಂದು ಪಾಕ ಆಗಿಹೋಗಿದ್ದವು. ಮೊದಲಿನವು ಕರಗಲೊಲ್ಲೆವೆಂದು ಹಟ ಹಿಡಿದವು, ಆಮೇಲಿನವು ಹೊಲಿಯುವಷ್ಟರಲ್ಲೇ ಅಂಬಲಿಯಾದವು. "ಕರಗಿ ಹೋಗೋದನ್ನ ಮಾಡೋಕೂ ಐದು ವರ್ಷ ಬೇಕೇನೇ? ನಮ್ಮನೆ ಸೋಪು ಮೂರು ದಿನಕ್ಕೆ ಕರಗತ್ತೆ" ಎಂದು ಅತ್ತೆ ಊಟಕ್ಕೆ ಕೂತಾಗಲೆಲ್ಲ ಚುಚ್ಚುತ್ತಿದ್ದರು. ಶಸ್ತ್ರವೈದ್ಯರು ಹೊಲಿಗೆ ನಿಲ್ಲುವಷ್ಟು ದಪ್ಪ ಮಾಡಿ ಎನ್ನುತ್ತಿದ್ದರು, ಅವರ ಸಹಾಯಕರು ಇನ್ನೂ ತೆಳ್ಳಗೆ ಮಾಡಿ ಎನ್ನುತ್ತಿದ್ದರು. ಇಬ್ಬರೂ ಕೂರುವುದು ಒಂದೇ ಕೋಣೆಯಲ್ಲಿ.

ಈ ಆರು ಕುರಿಗಳ ಕಾಲಿಗೆ ಹೊಲಿದ ಹನ್ನೊಂದನೆಯ ಪಾಕ ಮಾತ್ರ ಗೆದ್ದಿತ್ತು. ಮೂರೇ ವಾರಕ್ಕೆ ಕಾಲಿನ ಕಟ್ಟು ಬಿಚ್ಚಿದರೂ ಕುರಿ ನೆಟ್ಟಗೆ ನಡೆಯುತ್ತದೆ ಎಂಬುದೇ ಅದರ ಹೆಗ್ಗಳಿಕೆ. ಮನುಷ್ಯರಿಗೆ ಹಾಕಿ ನೋಡಲು ಅನುಮತಿ ಕೇಳುವ ಅರ್ಜಿಯ ಮೊದಲ ಪುಟದಲ್ಲೇ ಆ ಮಾತಿತ್ತು.

ಕುರಿ ನೋಡಿಕೊಳ್ಳುವ ಹಿರಿಯರನ್ನು ಸಂಸ್ಥೆಯವರೆಲ್ಲ ದೊಡ್ಡಪ್ಪ ಎಂದೇ ಕರೆಯುತ್ತಿದ್ದರು. ಅವರು ಮೇವು ಹರವುತ್ತಿದ್ದವರು ಸೊಂಟ ನೆಟ್ಟಗೆ ಮಾಡಿ ನಿಂತರು.

"ದೊಡ್ಡಪ್ಪ, ಈ ಗುರುತು ಏನು?"

"ಅದಾ? ಕಟ್ಟಿದ್ನಲ್ಲ ತಾಯಿ, ಅದರದ್ದು."

"ಯಾವ ಕಟ್ಟು? ಮೂರನೇ ವಾರಕ್ಕೇ ಬಿಚ್ಚಿಸಿದ್ವಲ್ಲ."

"ನೀವು ಬಿಚ್ಚಿಸಿದ್ರಿ. ನಾನು ಕಟ್ಟಿದೆ."

ಆಮೇಲೆ ಅವರು ನಿಧಾನವಾಗಿ ಎಲ್ಲವನ್ನೂ ಹೇಳಿದರು. ಬಿಚ್ಚಿದ ನಾಲ್ಕನೆಯ ದಿನ ಒಂದು ಕುರಿ ಕುಂಟತೊಡಗಿತಂತೆ. ನೋಡಲಾರದೆ ಹಳೆಯ ಟವೆಲು ಮಡಿಸಿ, ರಟ್ಟು ಕೊಟ್ಟು ಕಟ್ಟಿದರಂತೆ. ಮಾರನೆಯ ದಿನ ಇನ್ನೊಂದು. ವಾರ ಕಳೆಯುವಷ್ಟರಲ್ಲಿ ಆರಕ್ಕೂ ಟವೆಲು. ಪ್ರತಿ ಸೋಮವಾರ ಕುರಿ ಡಾಕ್ಟರು ಬರುವ ಮುಂಚೆ ಬಿಚ್ಚಿ, ಮೈ ತೊಳೆಸಿ, ಮಕ್ಕಳನ್ನು ಶಾಲೆಗೆ ಕಳಿಸುವ ಹಾಗೆ ಅಚ್ಚುಕಟ್ಟಾಗಿ ನಿಲ್ಲಿಸುತ್ತಿದ್ದರು. ಡಾಕ್ಟರು ನಾಲ್ಕು ಹೆಜ್ಜೆ ನಡೆಸಿ ನೋಡಿ ತಲೆಯಾಡಿಸಿ ಹೋಗುತ್ತಿದ್ದರು. ವಾರವೆಲ್ಲ ಆಸರೆಯಲ್ಲಿದ್ದ ಕಾಲು ನಾಲ್ಕು ಹೆಜ್ಜೆಗೆ ಕುಂಟುವುದಿಲ್ಲ. ಕಾಲು ಕೂಡಿಕೊಂಡಿದೆ ಎನ್ನಿಸಿ ಮೊನ್ನೆಯಷ್ಟೇ ಎಲ್ಲವನ್ನೂ ತೆಗೆದಿದ್ದರು.

ಅವಳು ಗೋಡೆಗೆ ತೂಗುಹಾಕಿದ್ದ ದಿನಚರಿಯ ಹಾಳೆಗಳನ್ನು ಕಿತ್ತು ತಂದಳು. 'ನಡಿಗೆ' ಎಂಬ ಅಂಕಣದಲ್ಲಿ ಒಂದು ದಿನವೂ ತಪ್ಪದೆ 'ಚೆನ್ನಾಗಿದೆ' ಎಂದು ದುಂಡಗೆ ಬರೆದಿತ್ತು.

"ಕುಂಟಿದ ದಿನಾನೂ ಚೆನ್ನಾಗಿದೆ ಅಂತ ಬರೆದಿದ್ದೀರಲ್ಲ ದೊಡ್ಡಪ್ಪ!"

"ಕಟ್ಟಿದ ಮೇಲೆ ಬರೆದದ್ದು ತಾಯಿ. ಕಟ್ಟಿದ ಮೇಲೆ ಚೆನ್ನಾಗೇ ನಡೀತಿದ್ವು. ಸುಳ್ಳು ಬರೆಯೋ ಪೈಕಿ ಅಲ್ಲ ನಾನು."

ತಲೆಯನ್ನು ಎಲ್ಲಿ ಚಚ್ಚಿಕೊಳ್ಳುವುದೋ ಅವಳಿಗೆ ತೋಚಲಿಲ್ಲ. ಯಾರನ್ನು ಬೈಯುವುದು? ಕಟ್ಟಬೇಡಿ ಎಂದು ಈ ಮನುಷ್ಯನಿಗೆ ಯಾರೂ ಹೇಳಿರಲಿಲ್ಲ. ಹಾಳೆ ಕೇಳಿದ್ದಕ್ಕೆ ಅವರು ಉತ್ತರ ಬರೆದಿದ್ದರು, ಆ ಹಾಳೆ ಮಾಡಿದವಳು ತಾನೇ. ಸಿಟ್ಟು ಕೊಟ್ಟಿಗೆಯನ್ನೆಲ್ಲ ಸುತ್ತಿ ಮತ್ತೆ ಅವಳ ಹೆಗಲ ಮೇಲೆಯೇ ಬಂದು ಕೂತಿತು. ಅದಕ್ಕಿಂತ ಉರಿಯುವ ಮಾತೆಂದರೆ, ಆರು ಕುರಿಗಳ ಭಾರ ಹೊತ್ತದ್ದು ಅವಳ ಪಟ್ಟಿಯಲ್ಲ. ಅದು ಕಟ್ಟು ಬಿಚ್ಚಿದ ವಾರದಲ್ಲೇ ಕೈಬಿಟ್ಟಿತ್ತು. ಹೊತ್ತದ್ದು ಟವೆಲು.

ಸಂಸ್ಥೆಯ ಮುಖ್ಯಸ್ಥರು ತಮ್ಮ ಕೋಣೆಯಲ್ಲಿ ಕನ್ನಡಕ ತೆಗೆಯದೆಯೇ ಇದನ್ನೆಲ್ಲ ಕೇಳಿಸಿಕೊಂಡರು. ಇದನ್ನು ಇವತ್ತೇ ಕಂಡುಹಿಡಿಯಬೇಕಿತ್ತೇ ಎಂದು ಗೊಣಗಿದರು. ಕುರಿಗಳು ನಡೆಯುತ್ತಿವೆ ತಾನೇ, ಕಾಲು ಬಿಟ್ಟು ಮುಖದ ಫೋಟೊ ಹಾಕಿದರಾಯಿತು ಎಂದರು. ಅವಳು ಕದಲದಿದ್ದಾಗ ದನಿ ಇಳಿಸಿದರು.

"ಮನುಷ್ಯರಿಗೆ ಆರು ವಾರ ಕಟ್ಟು ಹಾಕೋಣ ಬಿಡಮ್ಮ."

"ಹಾಗಂತ ಅರ್ಜೀಲಿ ಬರೆಯೋಣವಾ ಸರ್?"

ಆರು ವಾರ ಕಟ್ಟಿಡುವುದಾದರೆ ಬರೀ ಹೊಲಿಗೆಯೇ ಸಾಕು, ಪಟ್ಟಿ ಯಾಕೆ ಬೇಕು? ಅದು ಇಬ್ಬರಿಗೂ ಗೊತ್ತಿತ್ತು.

"ಬರೆದ್ರೆ ಅನುಮತಿ ಯಾರು ಕೊಡ್ತಾರೆ?"

"ಬರೀದಿದ್ರೆ ಯಾರೋ ಒಬ್ರು ಮೂರನೇ ವಾರ ಕಟ್ಟು ಬಿಚ್ಚಿ ಮೆಟ್ಟಿಲು ಇಳೀತಾರೆ ಸರ್. ಅವ್ರ ಮನೇಲಿ ದೊಡ್ಡಪ್ಪ ಇರಲ್ಲ."

ಮುಖ್ಯಸ್ಥರು ಫೋನನ್ನು ಅವಳ ಕಡೆ ತಳ್ಳಿ, ಸಮಿತಿಗೆ ನೀನೇ ಹೇಳಿಕೋ ಎನ್ನುವಂತೆ ಕೈ ಆಡಿಸಿದರು. ಸಮಿತಿಯ ಕಾರ್ಯದರ್ಶಿ ಕಾರಣವನ್ನು ಮೂರು ಸಲ ಹೇಳಿಸಿಕೊಂಡರು. ಅರ್ಜಿ ಹಿಂತೆಗೆದುಕೊಳ್ಳುವುದಕ್ಕೂ ಒಂದು ಅರ್ಜಿಯುಂಟು, ಅದರ ಆರು ಪ್ರತಿ ನಾಳೆ ಹತ್ತರೊಳಗೆ ಬರಬೇಕು ಎಂದರು. ಅವಳು ಆಗಲಿ ಎಂದು ಫೋನ್ ಇಟ್ಟಳು.

ಹನ್ನೆರಡನೆಯ ಪಾಕ ಮಾಡಬೇಕಾದರೆ ಹನ್ನೊಂದನೆಯದು ಯಾವ ಕಾಲಿನಲ್ಲಿ ಯಾವ ದಿನ ಸೋತಿತೆಂದು ತಿಳಿಯಬೇಕು. ಅದು ಯಾವ ಯಂತ್ರದಲ್ಲೂ ದಾಖಲಾಗಿರಲಿಲ್ಲ, ಒಬ್ಬರ ತಲೆಯಲ್ಲಿ ಮಾತ್ರ ಇತ್ತು. ನೋಟ್‌ಬುಕ್ ಹಿಡಿದು ಅವಳು ಕೊಟ್ಟಿಗೆಗೆ ವಾಪಸಾದಳು.

"ಯಾವ ಕುರಿ ಯಾವ ದಿನ ಮೊದಲು ಕುಂಟಿತು, ಅಷ್ಟು ಮಾತ್ರ ಹೇಳಿ ದೊಡ್ಡಪ್ಪ."

ಅವರು ಕಟ್ಟೆಯ ಮೇಲೆ ಆರಾಮವಾಗಿ ಕಾಲು ಮಡಿಸಿ ಕೂತರು. "ಈ ಕಿವಿ ಹರಕಿ ಇದ್ದಾಳಲ್ಲ, ಇವಳು ಇಲ್ಲಿಗೆ ಬಂದ ದಿನ..."

"ಬಂದ ದಿನ ಬೇಡ. ಕುಂಟಿದ ದಿನ."

"ಅಲ್ಲಿಗೇ ಬರ್ತೀನಿ ತಾಯಿ. ಮೊದಲಿಂದ ಹೇಳದಿದ್ರೆ ನನಗೆ ತಪ್ಪಿಹೋಗುತ್ತೆ."

ಅವಳು ಹಲ್ಲು ಕಚ್ಚಿಕೊಂಡು, ಕಟ್ಟೆಯ ಇನ್ನೊಂದು ತುದಿಯಲ್ಲಿ ಕೂತು, ಕಿವಿ ಹರಕಿ ಬಂದ ದಿನವನ್ನೇ ಮೊದಲು ಬರೆದುಕೊಂಡಳು.