ತೂಕದ ದಿನದ ಬ್ರೆಡ್ಡು

ಅಂಗಡಿ ಅಂಗಡಿ ಸುತ್ತಿ ಸಾಮಾನಿನ ಬೆಲೆ ಬರೆದುಕೊಂಡು ಬರುವುದು ನನ್ನ ನೌಕರಿ. ಪ್ರತಿ ತಿಂಗಳೂ ಅದೇ ಅಂಗಡಿ, ಅದೇ ಸಾಮಾನು, ಅದೇ ತೂಕ. ಊರೂರಿನಿಂದ ಹೀಗೆ ಬಂದ ಬೆಲೆಗಳನ್ನೆಲ್ಲ ನೋಡಿ, ದೇಶದ ದೊಡ್ಡ ಬ್ಯಾಂಕು ಬಡ್ಡಿ ಏರಿಸಬೇಕೋ ಇಳಿಸಬೇಕೋ ಎಂದು ತೀರ್ಮಾನಿಸುತ್ತದೆ. ಇದನ್ನು ಅಕ್ಕನ ಮನೆಯಲ್ಲಿ ಊಟಕ್ಕೆ ಕೂತಾಗ ಒಂದಿಷ್ಟು ಜಂಬದಿಂದಲೇ ಹೇಳಿದ್ದೆ. ಭಾವ ಕಿವಿಗೊಟ್ಟು ಕೇಳಿದ್ದರು. ಎಡವಟ್ಟಾದದ್ದು ಅಲ್ಲೇ.

ನಾನು ಹೋಗಬೇಕಾದ ಅಂಗಡಿಗಳಲ್ಲಿ ಭಾವನ ಬೇಕರಿಯೂ ಒಂದು. ಈ ತಿಂಗಳು ಹೋದಾಗ ಗಿರಾಕಿಗಳು ಸಾಲಾಗಿ ನಿಂತಿದ್ದರು. ನನ್ನನ್ನು ಕಂಡದ್ದೇ ಭಾವ ಒಳಗೋಡಿ, ಬಟ್ಟೆ ಮುಚ್ಚಿಟ್ಟಿದ್ದ ಬ್ರೆಡ್ಡೊಂದನ್ನು ತಂದು ನನ್ನ ತಕ್ಕಡಿಯ ಮೇಲಿಟ್ಟರು. ತೂಕ ಸರಿಯಾಗಿತ್ತು, ಬೆಲೆಯೂ ಹಳೆಯದೇ. ಮೈದಾ, ಬೆಣ್ಣೆ, ಗ್ಯಾಸು ಎಲ್ಲ ಗಗನಕ್ಕೇರಿರುವಾಗ ಇದೇನು ಪವಾಡ ಎಂದು ಕಪಾಟಿನ ಕಡೆ ನೋಡಿದೆ. ಅಲ್ಲಿದ್ದವೆಲ್ಲ ಇದರ ಮುಂದೆ ಕುಳ್ಳಗಿದ್ದವು.

"ಏನ್ ಭಾವ, ಇದು ನಾದಿನಿಗೆ ಮಾತ್ರ ಸ್ಪೆಷಲ್ಲಾ?"

ಅವರ ಮುಖ ಬಿಳಿಚಿಕೊಂಡಿತು. ನನ್ನನ್ನು ಪಕ್ಕಕ್ಕೆ ಕರೆದು ಪಿಸುಗುಟ್ಟಿದರು. "ರೇಟು ಏರಿಸೋಕೆ ಧೈರ್ಯ ಬರ್ಲಿಲ್ಲ ಕಣೇ, ಹಿಟ್ಟು ಕಮ್ಮಿ ಮಾಡ್ದೆ. ಅದನ್ನ ನೀನು ರೇಟು ಏರಿದ ಲೆಕ್ಕದಲ್ಲಿ ಬರ್ಕೊಂಡ್ರೆ ಆ ದೊಡ್ಡ ಬ್ಯಾಂಕಿನೋರು ಬಡ್ಡಿ ಏರಿಸ್ತಾರೆ. ಓವನ್ ಸಾಲದ ಕಂತು ಈಗ್ಲೇ ಕುತ್ತಿಗೆಗೆ ಬಂದಿದೆ. ಇನ್ನೊಂದ್ಸಲ ಏರಿದ್ರೆ ಅಂಗಡಿ ಮುಚ್ಚೋದೇ."

ದೇಶದ ಬಡ್ಡಿಯನ್ನು ಒಂದೇ ಒಂದು ಬ್ರೆಡ್ಡಿನಿಂದ ಅದುಮಿ ಹಿಡಿಯಲು ಹೊರಟ ಮಹಾನುಭಾವ! ನಗು ಬಂತು. ಬೆನ್ನಿಗೇ ಅಯ್ಯೋ ಎನಿಸಿತು.

"ಸುಳ್ಳು ಬರೆಯೋಕಾಗಲ್ಲ ಭಾವ. ನೀವೊಬ್ರು ಬಚ್ಚಿಟ್ರೆ ಬಡ್ಡಿ ನಿಲ್ಲೋದೂ ಇಲ್ಲ" ಎಂದು ಕಪಾಟಿನಿಂದ ಒಂದು ತೆಗೆದು ತೂಗಿದೆ. ಕಾಲು ಭಾಗ ಕಡಿಮೆ. ಸಾಲಿನಲ್ಲಿದ್ದವರೆಲ್ಲ ನೋಡುತ್ತಿದ್ದರು. ಭಾವ ತಲೆ ತಗ್ಗಿಸಿದರು. ಹತ್ತು ಜನರ ಮುಂದೆ ಅವರ ಮಾನ ಕಳೆದೆನಲ್ಲ ಎಂದು ನನಗೆ ಕೆಡುಕೆನಿಸಿತು.

ಸಾಲಿನ ಮುಂದಿದ್ದ, ಬಟ್ಟೆ ಹೊಲಿಯುವ ಅಜ್ಜಿ ತಕ್ಕಡಿಯತ್ತ ಕಣ್ಣೂ ಹಾಯಿಸಲಿಲ್ಲ. "ನಮ್ಮನೇಲಿ ಬ್ರೆಡ್ ಕುಯ್ದು ಹಂಚೋಳು ನಾನೇ ಕಣಪ್ಪ. ಮೊಮ್ಮಕ್ಕಳಿಗೆ ಕೊಟ್ಮೇಲೆ ನನಗೂ ಒಂದು ಚೂರು ಉಳೀತಿತ್ತು. ಈಗ ಉಳಿಯಲ್ಲ. ನಮಗೆಲ್ಲ ಇದು ಯಾವತ್ತೋ ಗೊತ್ತಾಗಿದೆ."

ಭಾವ ಮೆಲ್ಲಗೆ ತಲೆಯೆತ್ತಿದರು. "ಮತ್ತೆ ಯಾರೂ ಕೇಳ್ಲೇ ಇಲ್ವಲ್ಲಜ್ಜಿ?"

"ಕೇಳಿದ್ರೆ ನೀನು ನಾಚಿಕೊಂಡು ಬಾಗಿಲು ಹಾಕ್ಬಿಡ್ತೀಯೇನೋ ಅಂತ ಭಯ. ರೇಟು ಏರಿಸಪ್ಪ, ಪರವಾಗಿಲ್ಲ. ಬ್ರೆಡ್ ಮಾತ್ರ ಮೊದಲಿನಷ್ಟೇ ಇರ್ಲಿ."

ಭಾವ ಕೈ ಒರೆಸಿಕೊಳ್ಳುವ ಬಟ್ಟೆಯಿಂದಲೇ ಕಣ್ಣೊರೆಸಿಕೊಂಡರು. ಸಾಲಿನಿಂದ ಯಾರೂ ಕದಲಲಿಲ್ಲ.