ಬೀಪಿ ಪರೀಕ್ಷೆಯಲ್ಲಿ ಪಾಸಾಗುತ್ತಿದ್ದ ರುದ್ರಯ್ಯ

ರಾಗಿ ಕೊಯ್ದು ಮೆದೆ ಹಾಕುವ ಕಾಲ. ಇಬ್ಬನಿ ಆರುವ ತನಕ ಕಟ್ಟು ಮುಟ್ಟುವಂತಿಲ್ಲ. ದುದ್ದದ ಕಡೆಯ ಆ ಊರಿನಲ್ಲಿ ಡೇರಿಗೆ ಹಾಲು ಹಾಕಿ ಬಂದವರೆಲ್ಲ ಬಿಸಿಲು ಕಾಯುತ್ತಾ ತಂತಮ್ಮ ಜಗಲಿ ಮೇಲೆ ಕೂತಿದ್ದರು. ರುದ್ರಯ್ಯನೂ ಕೂತಿದ್ದ. ಎಡಗೈ ತೋಳಿಗೆ ಬೀಪಿ ಮೆಷಿನ್ನಿನ ಪಟ್ಟಿ ಸುತ್ತಿತ್ತು.

"ಮೇಲೆ ನೂರಾ ಎಪ್ಪತ್ತೆಂಟು, ಕೆಳಗೆ ನೂರಾ ನಾಕು," ಸೊಸೆ ದಿವ್ಯಾ ಓದಿದಳು.

"ಮೆಷಿನ್ ಕೆಟ್ಟೋಗೈತೆ ಕಣಮ್ಮ."

ದಿವ್ಯಾ ಪಟ್ಟಿಯನ್ನು ತನ್ನ ತೋಳಿಗೆ ಕಟ್ಟಿಕೊಂಡಳು. ನೂರಾ ಹದಿನಾರು, ಎಪ್ಪತ್ತಾರು. ಅತ್ತೆ ರೇವಮ್ಮನಿಗೆ ಕಟ್ಟಿದಳು. ನೂರಾ ಇಪ್ಪತ್ತೆಂಟು, ಎಂಬತ್ತು. ಐದು ನಿಮಿಷ ಬಿಟ್ಟು ಮಾವನಿಗೆ ಮತ್ತೆ ಕಟ್ಟಿದಳು. ನೂರಾ ಎಪ್ಪತ್ತಾರು.

"ಮನೇಲಿ ಮೂರು ಜನ ಇದೀವಿ. ಅದಕ್ಕೆ ನಿಮ್ಮೊಬ್ಬರ ಮೇಲೇ ಹಗೆನಾ?" ಎಂದಳು ರೇವಮ್ಮ.

ಆ ಮೆಷಿನ್ನು ಹೆಂಗಸರ ಸಂಘದ್ದು. ಬೀಪಿ ಮಾತ್ರೆಯ ಬಗ್ಗೆ ಅಧ್ಯಯನ ಮಾಡುವ ಡಾಕ್ಟರುಗಳು ಸಂಘಕ್ಕೆ ಕೊಟ್ಟಿದ್ದರು. ತಿಂಗಳಿಗೊಮ್ಮೆ ಆಸ್ಪತ್ರೆಯ ಮೇಜಿನ ಮುಂದೆ ನೋಡಿದರೆ ಸಾಲದು, ಜನ ತಮ್ಮ ಮನೆಯಲ್ಲೇ ದಿನಾ ನೋಡಿಕೊಳ್ಳಬೇಕು ಎನ್ನುವುದು ಅವರ ಮಾತು. ಮನೆಗೊಂದು ವಾರದಂತೆ ಮೆಷಿನ್ನು ಊರು ಸುತ್ತುತ್ತಿತ್ತು. ಅಳತೆ ಆ ಮನೆಯವರ ಫೋನಿಗೆ ಬಂದು ಅಲ್ಲೇ ಇರುತ್ತದೆ. ಅವರು ಒಪ್ಪಿದರೆ ಮಾತ್ರ, ಹೆಸರಿಲ್ಲದೆ, ಅಧ್ಯಯನದವರಿಗೆ ಹೋಗುತ್ತದೆ.

ಅಷ್ಟರಲ್ಲಿ ಆಶಾ ಕಾರ್ಯಕರ್ತೆ ಮಾನಸಾ ಬಂದಳು. ಅವಳು ಕೂರುವ ಮೊದಲೇ ರುದ್ರಯ್ಯ ಕೇಳಿದ:

"ಮೊದ್ಲು ಇದ್ ಹೇಳು ಮಾನಸಮ್ಮ. ನನ್ ಮೈ ಲೆಕ್ಕ ಯಾವನ್ ಕೈಗೆ ಓಯ್ತದೆ? ಯಾವನೋ ಕಂಪ್ನಿಯೋನು ಮಾರ್ಕೊಂಡ್ರೆ?"

"ಕೇಳ್ಬೇಕಾದ್ದನ್ನೇ ಕೇಳಿದ್ರಿ ದೊಡ್ಡಪ್ಪ. ನೀವು ಹೂಂ ಅನ್ನೋಗಂಟ ಎಲ್ಲೂ ಹೋಗಲ್ಲ. ಹೂಂ ಅಂದ್ಮೇಲೂ ಬೇಡ ಅನ್ನಿಸಿದ್ರೆ ನಿಲ್ಲಿಸ್ಬೋದು. ಕೊಡ್ಲಿಲ್ಲ ಅಂತ ಮಾತ್ರೆ ಕೊಡೋದೇನೂ ನಿಲ್ಸಲ್ಲ. ಎಲ್ಲಾ ಈ ಕಾಗದದಲ್ಲಿದೆ, ಇಟ್ಕೊಂಡು ನಿಧಾನಕ್ಕೆ ಓದಿ."

ಆಮೇಲೆ ಅವಳು ಫೋನಿನ ಅಳತೆ ನೋಡಿದಳು, ಆಸ್ಪತ್ರೆಯ ಚೀಟಿ ನೋಡಿದಳು. ಚೀಟಿಯಲ್ಲಿ ನಾಲ್ಕು ತಿಂಗಳಿಂದ ನೂರಾ ಮೂವತ್ತರ ಆಸುಪಾಸು. ಒಂದು ತಿಂಗಳೂ ತಪ್ಪಿಲ್ಲ.

"ಅಲ್ಲಿ ಹಂಗೆ, ಇಲ್ಲಿ ಹಿಂಗೆ. ಹೆಂಗೆ ದೊಡ್ಡಪ್ಪ?"

ರುದ್ರಯ್ಯ ಬೀದಿ ಕಡೆ ನೋಡಿದ. ರೇವಮ್ಮನೇ ಬಾಯಿಬಿಟ್ಟಳು.

"ನಾನೇಳ್ತೀನಿ ತಗೊ. ಪರೀಕ್ಷೆಗೆ ಒಂದು ವಾರ ಐತೆ ಅನ್ನೋವಾಗ ಮಾತ್ರೆ ಶುರು. ಉಪ್ಪಿನಕಾಯಿ ಮುಟ್ಟಲ್ಲ. ಪರೀಕ್ಷೆ ಮುಗ್ಸಿ ಬಂದ ಸಂಜೆಯಿಂದ ಮಾತ್ರೆ ಡಬ್ಬಿ ಗೂಡಿಗೆ, ಉಪ್ಪಿನಕಾಯಿ ತಟ್ಟೆಗೆ."

"ಮೈಯಾಗೆ ಏನೂ ಗೊತ್ತಾಗಲ್ವಲ್ಲೇ," ಎಂದ ರುದ್ರಯ್ಯ. "ಡಾಕ್ಟ್ರ ಮುಂದೆ ನಂಬರ್ ಕೆಟ್ಟದಾಗಿ ಬಂದ್ರೆ ಮರ್ವಾದೆ ಓಯ್ತದೆ ಅಂತ..."

ಮಾನಸಾ ನಗಲಿಲ್ಲ. "ಆ ನಂಬರ್ ನಂಬಿ ಡಾಕ್ಟ್ರು ಹೋದ ತಿಂಗಳು ಎರಡು ಮಾತ್ರೆನ ಒಂದಕ್ಕೆ ಇಳ್ಸಿದ್ರು. ಗೊತ್ತಾಗದೇ ಇರೋದೇ ಇದರ ಗುಣ. ಲಕ್ವ ಹೊಡೆಯೋ ದಿನ ಮಾತ್ರ ಗೊತ್ತಾಗೋದು. ಇವತ್ತು ಮೆದೆ ಮೇಲೆ ನಿಲ್ಲೋರು ನೀವೇ ಅಲ್ವಾ?"

ರೇವಮ್ಮ ಸೆರಗು ಬಾಯಿಗಿಟ್ಟುಕೊಂಡಳು.

ರುದ್ರಯ್ಯ ಹದಿನೆಂಟು ವರ್ಷ ಊರಿನ ಡೇರಿಯಲ್ಲಿ ಹಾಲು ಪರೀಕ್ಷೆ ಮಾಡಿದವನು. ಒಮ್ಮೆ ಪಕ್ಕದ ಮನೆ ಪುಟ್ಟರಾಜು ಕ್ಯಾನಿನ ಜೊತೆಗೆ ಚೊಂಬಿನಲ್ಲಿ ಬೇರೆ ಗಟ್ಟಿ ಹಾಲು ತಂದು, "ಇದರಾಗೆ ನೋಡಣ್ಣ" ಅಂದಿದ್ದ. ರುದ್ರಯ್ಯ ಚೊಂಬು ಪಕ್ಕಕ್ಕಿಟ್ಟು, ಕ್ಯಾನಿಗೆ ಸೌಟು ಇಳಿಸಿ, ತಳದಿಂದ ಕಲಕಿ ಹಾಲು ತೆಗೆದಿದ್ದ. ನೀರು ಸಿಕ್ಕಿತ್ತು. ಆ ದಿನದಿಂದ ಕಲಕದೆ ಯಾರ ಹಾಲನ್ನೂ ಅವನು ಅಳೆದಿರಲಿಲ್ಲ, ತನ್ನ ಮನೆಯದನ್ನೂ ಸಹ.

ಈಗ ಅವನು ತೋಳಿನ ಪಟ್ಟಿಯನ್ನು ಮೆಲ್ಲಗೆ ಬಿಚ್ಚಿದ.

"ನಾಕು ತಿಂಗಳಿಂದ ಡಾಕ್ಟ್ರಿಗೆ ನಾನು ಚೊಂಬಿನ ಹಾಲು ಕೊಟ್ಕೊಂಡು ಬಂದಿವ್ನಿ ಕಣಮ್ಮ."

"ಅದು ಡಾಕ್ಟ್ರಿಗೊಬ್ರಿಗೇ ನಿಲ್ಲಲ್ಲ," ಎಂದಳು ಮಾನಸಾ. "ನಾಳೆ ಹತ್ತು ಜನ ಅಧ್ಯಯನಕ್ಕೂ ಹಿಂಗೇ ಸುಳ್ಳು ಅಳತೆ ಕೊಟ್ರೆ ಈ ಕಾಯಿಲೆಗೆ ಒಂದೇ ಮಾತ್ರೆ ಸಾಕು ಅಂತ ಅವ್ರು ಬರ್ಕೋತಾರೆ. ಅದನ್ನ ನಂಬಿ ಹಳೇಕೋಟೆನಾಗೋ ಅರಕಲಗೂಡಲ್ಲೋ ಇನ್ಯಾರೋ ಬೀಳ್ತಾರೆ. ಈಗ ಹೆದರ್ಕೊಂಡು ನೀವೇ ಎರಡು ನುಂಗ್ಬೇಡಿ. ಇವತ್ತೇ ಆಸ್ಪತ್ರೆಗೆ ನಡೀರಿ."

"ಮೆದೆ?"

"ಪುಟ್ಟರಾಜು ಹಾಕ್ತಾನೆ," ಎಂದಳು ರೇವಮ್ಮ.

"ಅವನು ಹಾಕಿದ್ ಮೆದೆ ವಾಲ್ತದೆ ಕಣೇ!"

"ವಾಲಿದ್ರೆ ವಾಲ್ಲಿ. ನೀವು ವಾಲ್ಬಾರ್ದು."

ಹತ್ತು ಗಂಟೆಯ ಬಸ್ಸಿಗೆ ಗಂಡ ಹೆಂಡತಿ ಇಬ್ಬರೂ ಹೊರಟರು. ಡಾಕ್ಟರ ಮುಂದೆ ರುದ್ರಯ್ಯ ಕುರ್ಚಿಯಲ್ಲಿ ಕೂರಲಿಲ್ಲ.

"ಹಿಂದಿನ ನಾಕು ತಿಂಗಳದ್ದು ಹೊಡೆದಾಕಿ ಸಾ. ಅದು ಸುಳ್ಳು ಲೆಕ್ಕ," ಎಂದು ನಡೆದದ್ದೆಲ್ಲ ಹೇಳಿದ.

ಡಾಕ್ಟರು ಬೈಯುತ್ತಾರೆ ಅಂದುಕೊಂಡಿದ್ದ. ಅವರು ಬೈಯಲಿಲ್ಲ. "ಹೊಡೆಯೋದು ಬೇಡ, ಪಕ್ಕದಲ್ಲಿ ನಿಜ ಬರೀತೀನಿ. ನೀವು ಹೇಳದಿದ್ದರೆ ನನಗೆ ತಿಳಿಯೋ ದಾರಿನೇ ಇರಲಿಲ್ಲ," ಎಂದು ಮತ್ತೆ ಪರೀಕ್ಷೆ ಮಾಡಿ, ಮಾತ್ರೆ ಸರಿಮಾಡಿ ಕೊಟ್ಟರು.

ವಾರವೆಲ್ಲ ಬೆಳಿಗ್ಗೆ ಸಂಜೆ ಅಳೆದರು. ಅಳತೆ ಒಂದೇ ಸಲಕ್ಕೆ ಇಳಿಯಲಿಲ್ಲ. ಒಂದು ದಿನ ಇಳಿಯಿತು, ಮರುದಿನ ಏರಿತು, ಆಮೇಲೆ ಮತ್ತೆ ಇಳಿಯಿತು. ಇದ್ದದ್ದನ್ನು ಇದ್ದ ಹಾಗೆ ಇಟ್ಟುಕೊಂಡರು. ಮೆಷಿನ್ನನ್ನು ಮುಂದಿನ ಮನೆಗೆ ಒಯ್ಯಲು ಮಾನಸಾ ಬಂದಾಗ ರುದ್ರಯ್ಯ ಕನ್ನಡಕ ಹಾಕಿಕೊಂಡು ಒಪ್ಪಿಗೆ ಕಾಗದ ಓದುತ್ತಿದ್ದ. ಅದು ಮೂರನೇ ಸಲ.

"ಇಲ್ಲಿ ಎರಡು ಕೇಳವ್ರೆ. ಈ ಬೀಪಿ ಅಧ್ಯಯನಕ್ಕೆ ಕೊಡ್ತೀರಾ ಅಂತ ಒಂದು. ಮುಂದೆ ಯಾರಾದ್ರೂ ಬೇರೆ ಅಧ್ಯಯನ ಮಾಡಿದ್ರೆ ಅವರ್ಗೂ ಕೊಡ್ಬೋದಾ ಅಂತ ಇನ್ನೊಂದು."

"ಹೂಂ ದೊಡ್ಡಪ್ಪ."

"ಮೊದಲ್ನೇದಕ್ಕೆ ಹೂಂ. ಎರಡನೇದು ಬೇಡ. ಅವ್ರು ಯಾರು, ಯಾತಕ್ಕೆ ಅಂತ ಆವಾಗ ಬಂದು ಕೇಳ್ಲಿ, ನಾನೇನು ಊರು ಬಿಟ್ಟು ಓಗಲ್ಲ."

"ನಾನು ಒತ್ಲಾ ಮಾವ?" ದಿವ್ಯಾ ಒಪ್ಪಿಗೆಯ ಗುಂಡಿ ಇದ್ದ ಫೋನು ಹಿಡಿದು ಕೇಳಿದಳು.

"ತತ್ತಾ ಇಲ್ಲಿ. ಮೈ ನಂದು, ನಾನೇ ಒತ್ತುತೀನಿ."

ಓದುವ ಅಕ್ಕ, ಅಣ್ಣ, ಬೀಪಿ ನೋಡುವುದು ಪಾಸು ಫೇಲಿನ ಪರೀಕ್ಷೆಯಲ್ಲ. ಐದು ನಿಮಿಷ ಸುಮ್ಮನೆ ಕೂತು ಅಳೆದುಕೊಳ್ಳಿ. ಬಂದ ಅಳತೆಯನ್ನು ಬಂದ ಹಾಗೇ ಬರೆದಿಡಿ, ಆಸ್ಪತ್ರೆಗೆ ಹೋಗುವಾಗ ಜೊತೆಗೆ ಒಯ್ಯಿರಿ. ಮಾತ್ರೆ ಬಿಟ್ಟಿದ್ದರೆ ಬಿಟ್ಟೆ ಎಂದೇ ಡಾಕ್ಟರಿಗೆ ಹೇಳಿ. ನೀವಾಗಿ ನಿಲ್ಲಿಸಬೇಡಿ, ನೀವಾಗಿ ಹೆಚ್ಚಿಸಲೂ ಬೇಡಿ. ನಿಮ್ಮ ಅಳತೆಯನ್ನು ಯಾರಾದರೂ ಕೇಳಿದರೆ ಯಾರಿಗೆ, ಯಾತಕ್ಕೆ ಎಂದು ವಿಚಾರಿಸಿ. ಕೊಡುವುದೂ ನಿಮಗೆ ಸೇರಿದ್ದು, ಬೇಡ ಅನ್ನುವುದೂ ನಿಮಗೆ ಸೇರಿದ್ದು. ಆದರೆ ಕೊಡುವುದಾದರೆ ನಿಜವನ್ನೇ ಕೊಡಿ.