ಬೀಡಿ ಗಲ್ಲಿಯ ಆರು ಫ್ಯಾನುಗಳು

ಗುರುವಾರ ನಮ್ಮ ಹಾಲ್ ನೋಡಲು ಜರ್ಮನಿಯಿಂದ ಇಂಗ್ರಿಡ್ ಮೇಡಂ ಬರುತ್ತಾರೆ ಎಂದು ಸಂಜಯ ಸರ್ ಸೋಮವಾರ ಫೋನ್ ಮಾಡಿದರು. ಚಿಕ್ಕೋಡಿಯಲ್ಲಿರುವ ನಮ್ಮ ಸಂಸ್ಥೆಯನ್ನು ನಡೆಸುವವರು ಅವರು. ನಿಪ್ಪಾಣಿಯ ಒಂದು ಬೀಡಿ ಗಲ್ಲಿಯ ಕೆಲಸ ನನ್ನದು. ಬಿ.ಎ. ಮುಗಿದ ಮೇಲೆ ಸಿಕ್ಕ ಮೊದಲ ಕೆಲಸ.

“ಮೂವತ್ತ ಮಂದಿ ಹೆಣ್ಣಮಕ್ಕಳು ಹಾಲಿನ್ಯಾಗ ಕುಂತು ಬೀಡಿ ಸುತ್ತಿರಬೇಕ ನೋಡ, ಪೂನಮ. ಖಾಲಿ ಕಂಡ್ರ ಕೀಲಿ ತಿರಗಿ ಕೊಟ್ಟು ಕೈ ಮುಗದು ಬರೂದ.”

“ಹೂಂ ಸರ್,” ಎಂದೆ. ಫೋನಿನಲ್ಲಿ ನನಗೆ ಅದಕ್ಕಿಂತ ಹೆಚ್ಚು ಮಾತು ಬರುವುದಿಲ್ಲ.

ಪುಣೆಯ ಒಂದು ಕಂಪನಿ, ಇಂಗ್ರಿಡ್ ಮೇಡಂ ಅವರ ಜರ್ಮನಿಯ ಪ್ರತಿಷ್ಠಾನ ಸೇರಿ ಕಟ್ಟಿಸಿಕೊಟ್ಟ ಹಾಲ್ ಅದು. ಬಿಳಿ ಟೈಲ್ಸು, ದೊಡ್ಡ ಕಿಟಕಿಗಳು, ಆರು ಫ್ಯಾನು. ಮನೆಯ ಹೊಸ್ತಿಲಲ್ಲಿ ಬೆನ್ನು ಬಾಗಿಸಿ ಬೀಡಿ ಸುತ್ತುವವರು ಇಲ್ಲಿ ಗಾಳಿ ಬೆಳಕಿನಲ್ಲಿ ಕೂತು ಸುತ್ತಲಿ ಎಂದು. ಉದ್ಘಾಟನೆಗೆ ಇಡೀ ಗಲ್ಲಿ ಬಂದಿತ್ತು. ಮರುದಿನ ಹನ್ನೊಂದು ಮಂದಿ ಬಂದರು. ವಾರ ಕಳೆಯುವಷ್ಟರಲ್ಲಿ ಒಬ್ಬರೂ ಇಲ್ಲ. ನಾನು ಬೆಳಿಗ್ಗೆ ಹತ್ತಕ್ಕೆ ಬಾಗಿಲು ತೆರೆದು, ಕಸ ಗುಡಿಸಿ, ಡೈರಿ ಬರೆದು, ಐದಕ್ಕೆ ಬೀಗ ಹಾಕುತ್ತಿದ್ದೆ. ಯಾಕೆ ಬರುತ್ತಿಲ್ಲ ಎಂದು ಯಾರನ್ನೂ ಕೇಳಲಿಲ್ಲ. ಕೇಳಿದರೆ ತಕರಾರು ಮಾಡಿದಂತಾಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡಿದ್ದೆ.

ಒಂದು ದಿನ ಮಾತ್ರ ಅದೇ ಗಲ್ಲಿಯಲ್ಲಿ ಬೀಡಿ ಸುತ್ತುವ ಮೆಹರುಬಿ ಖಾಲಾ ಬಂದಿದ್ದಳು, ಸೊಂಟದ ಮೇಲೆ ಮೊಮ್ಮಗಳು ಅಫ್ರೀನಳನ್ನು ಎತ್ತಿಕೊಂಡು. ಹುಡುಗಿಗೆ ಎರಡು ವರ್ಷ. ಅಂಗನವಾಡಿಗೆ ಮೂರು ತುಂಬಬೇಕು. ಎದೆಯಲ್ಲಿ ಕೆಮ್ಮು ಕೂತುಬಿಟ್ಟಿತ್ತು. ತಂಬಾಕಿನ ಧೂಳಿನಿಂದ ದೂರ ಇಡಿ ಎಂದು ಡಾಕ್ಟರು ಹೇಳಿದ್ದರು. ಖಾಲಾಳ ಮನೆ ಎಂದರೆ ಒಂದೇ ಕೋಣೆ. ಅಡಿಗೆ, ಹಾಸಿಗೆ, ತಂಬಾಕು ಎಲ್ಲ ಅದರಲ್ಲೇ.

“ಇಲ್ಲೇ ಒಂದ ಮೂಲ್ಯಾಗ ಮಲಗಸ್ಲೇನ, ಬೇಟಿ? ಹಗಲಷ್ಟ?”

“ಹಾಲ್ ಕೆಲಸಕ್ಕಷ್ಟರಿ, ಖಾಲಾ. ನಿಯಮ ಐತ್ರಿ.”

“ಹೌದಲ್ಲ. ನಿಯಮ ಅಂದ್ರ ನಿಯಮ,” ಎಂದು ನನ್ನನ್ನೇ ಸಮಾಧಾನ ಮಾಡುವಂತೆ ನಕ್ಕು ಹೋದಳು. ಖಾಲಿ ಹಾಲಿನಲ್ಲಿ ನಿಂತು ನಾನು ಆ ಮಾತು ಹೇಳಿದ್ದೆ.

ಸೋಮವಾರ ಮಧ್ಯಾಹ್ನವೇ ಎಲ್ಲರನ್ನೂ ಗುರುವಾರಕ್ಕೆ ಕರೆಯಲು ಗಲ್ಲಿಗೆ ಹೋದೆ. ದುಂಡವ್ವ ಆಯಿ ಹೊಸ್ತಿಲಲ್ಲಿ ಕೂತು, ಮಡಿಲಲ್ಲಿ ಮೊರ ಇಟ್ಟುಕೊಂಡು ಸುತ್ತುತ್ತಿದ್ದಳು. ಆ ಗಲ್ಲಿಯಲ್ಲಿ ಅವಳು ಬಂದರೆ ಎಲ್ಲರೂ ಬಂದಂತೆ.

“ಬರತೇವ ತಗೋ. ಫೋಟೋ ತಗಿಯೂತನಕ ಕುಂಡ್ರತೇವ. ಆದ್ರ ಆ ಫ್ಯಾನ್ ಹಾಕಬ್ಯಾಡ ಮತ್ತ.”

“ಯಾಕ, ಆಯಿ?”

ಅವಳು ಬೆರಳು ನಿಲ್ಲಿಸಿ ನನ್ನ ಮುಖ ನೋಡಿದಳು. “ಬಿ.ಎ. ಮಾಡಿಯಲ್ಲ ಪೋರಿ, ಇಷ್ಟೂ ತಿಳಿಯಂಗಿಲ್ಲೇನ?” ಒದ್ದೆ ಗೋಣಿತಟ್ಟಿನ ಒಳಗಿಂದ ಒಂದು ಎಲೆ ತೆಗೆದು ನನ್ನ ಕೈಯಲ್ಲಿಟ್ಟಳು. ಅದು ತಣ್ಣಗೆ, ಮೆತ್ತಗೆ ಇತ್ತು. “ಎಲಿ ಹಸೀ ಇದ್ರ ಸುತ್ತಾಕ ಬರತೈತಿ. ಗಾಳಿ ಬಡದ್ರ ಪಟ್ಟಂತ ಒಡಿತೈತಿ. ತಂಬಾಕಂತೂ ಹಾರಿ ಕಣ್ಣಾಗ. ಫ್ಯಾನ್ ಬಂದ್ ಮಾಡಿದ್ರ ಆ ಹಾಲ್ ಭಟ್ಟಿ ಆಗತೈತಿ. ಹೊಸ್ತಿಲ ಛಲೋ.”

“ಮತ್ತ ಹಾಲ್ ಕಟ್ಟೂ ಮೊದಲ ನಾ ಸರ್ವೇಕ್ಕ ಬಂದಾಗ ಫ್ಯಾನ್ ಬೇಕು ಅಂದ್ರಲ್ಲ? ನಲವತ್ತೆರಡು ಮನಿಯಾಗೂ ಅಂದೀರಿ!”

“ನೀ ಬಂದಿದ್ದು ಎಂಥಾ ಬಿಸಲಾಗ! ಬೆವತು ನೀರಾಗಿದ್ದಿ. ಫ್ಯಾನ್ ಬೇಕೇನ್ರಿ ಅಂತ ಕೇಳಿದಿ. ಪಾಪ, ನಿನಗ ಬೇಕಾಗೇತಿ ಅನ್ಕೊಂಡ್ವಿ. ಬಾಗಲಿಗೆ ಬಂದಾಕಿಗೆ ಬ್ಯಾಡ ಅನ್ನೂದ ಹೆಂಗ?”

ಎದುರು ಮನೆಯ ಹೊಸ್ತಿಲಿನಿಂದ ಯಾರೋ ಕಿಸಕ್ಕನೆ ನಕ್ಕರು.

ಹಾಲಿಗೆ ವಾಪಸು ಬಂದು ಡೈರಿಯ ಹಳೆಯ ಪುಟಗಳನ್ನು ತೆಗೆದೆ. ಏಪ್ರಿಲ್ ಹನ್ನೊಂದು. ‘ಇಂದು ಹದಿನಾಲ್ಕು ಮನೆ. ಹೋದಲ್ಲೆಲ್ಲ ಮೊದಲು ನೀರು ಕೊಟ್ಟರು. ದುಂಡವ್ವ ಆಯಿ ನಾನು ಬರೆಯುವಷ್ಟು ಹೊತ್ತೂ ರಟ್ಟಿನಿಂದ ನನಗೇ ಗಾಳಿ ಹಾಕಿದಳು. ಪಕ್ಕದಲ್ಲಿದ್ದ ತಂಬಾಕಿನ ಮೊರಕ್ಕೆ ಬಟ್ಟೆ ಮುಚ್ಚಿದ್ದಳು.’ ಬಟ್ಟೆ ಮುಚ್ಚಿದ್ದನ್ನೂ ಬರೆದಿದ್ದೆ. ಯಾಕೆ ಎಂದು ಮಾತ್ರ ಯೋಚಿಸಿರಲಿಲ್ಲ. ಸರ್ವೇ ಫಾರ್ಮಿನಲ್ಲಿ ಹೌದು, ಇಲ್ಲ ಎಂಬ ಎರಡೇ ಚೌಕಗಳಿದ್ದವು.

ಗುರುವಾರ ಮೂವತ್ತಲ್ಲ, ಮೂವತ್ತಾರು ಮಂದಿ ಬಂದರು. ಫ್ಯಾನು ಬಂದ್ ಮಾಡಿ, ಕಿಟಕಿ ಮುಚ್ಚಿ, ಬೆವರು ಒರೆಸಿಕೊಳ್ಳುತ್ತ ಕೂತರು. ಮನೆಯಲ್ಲಿ ಯಾರೂ ಇಲ್ಲವೆಂದು ಮೆಹರುಬಿ ಖಾಲಾ ಅಫ್ರೀನಳನ್ನೂ ಕರೆತಂದು ಹಿಂದೆ ಗೋಡೆಗೆ ಮಲಗಿಸಿದ್ದಳು. ಇಂಗ್ರಿಡ್ ಮೇಡಂ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದವರೇ ಎಲ್ಲರಿಗೂ ಕೈ ಮುಗಿದರು. ಅವರ ಮುಖ ಆಗಲೇ ಕೆಂಪಾಗಿತ್ತು. ಮೇಲೆ ನೋಡಿ, ಕರೆಂಟು ಇಲ್ಲವೇ ಎಂದು ಇಂಗ್ಲಿಷಿನಲ್ಲಿ ಕೇಳಿದರು.

ಸಂಜಯ ಸರ್ ನನ್ನ ಕಡೆ ಕಣ್ಣು ಬಿಟ್ಟು, ತಾವೇ ಹೋಗಿ ಆರೂ ಸ್ವಿಚ್ಚು ಒತ್ತಿದರು.

ಮೂವತ್ತಾರು ಮೊರಗಳಿಂದ ತಂಬಾಕು ಒಮ್ಮೆಲೇ ಎದ್ದಿತು. ಮೊದಲು ಸೀನಿದ್ದು ಇಂಗ್ರಿಡ್ ಮೇಡಂ. ಆಮೇಲೆ ಹಾಲಿನಲ್ಲಿದ್ದ ಎಲ್ಲರೂ. ಸೆರಗಿನಿಂದ ಮೊರ ಮುಚ್ಚುವವರು, ನಗುವವರು. “ಸಾಹೇಬರ, ವರ್ಷದ ನಶ್ಯಾ ಒಂದ ದಿನದಾಗ ಏರಿಸಿದ್ರಿ ನೋಡ್ರಿ!” ಎಂದು ದುಂಡವ್ವ ಆಯಿ ಕೂಗಿದಳು.

“ಅವರು ತುಂಬಾ ಖುಷಿಯಲ್ಲಿದ್ದಾರೆ,” ಎಂದು ಸಂಜಯ ಸರ್ ಇಂಗ್ಲಿಷಿನಲ್ಲಿ ಹೇಳುತ್ತಿದ್ದರು.

ಆಗ ಅಫ್ರೀನ ಕೆಮ್ಮತೊಡಗಿದಳು. ಅದು ನಿಲ್ಲುವ ಕೆಮ್ಮಲ್ಲ. ಖಾಲಾ ಅವಳ ಬೆನ್ನು ಸವರುತ್ತ ಬಾಗಿಲ ಕಡೆ ಓಡಿದಳು. ನಾನು ಹೋಗಿ ಸ್ವಿಚ್ಚುಗಳನ್ನು ಆರಿಸಿದೆ. ನನ್ನ ಕೈಯಲ್ಲಿ ಡೈರಿ ಇತ್ತು.

“ತಪ್ಪು ನನ್ನದು,” ಎಂದೆ ಇಂಗ್ಲಿಷಿನಲ್ಲಿ. ದನಿ ಎಷ್ಟು ಸಣ್ಣಗಿತ್ತೆಂದರೆ ಮೇಡಂ ಹತ್ತಿರ ಬಂದು ನಿಂತರು. ಏಪ್ರಿಲ್ ಹನ್ನೊಂದರ ಪುಟವನ್ನು ಅನುವಾದಿಸುತ್ತ ಓದಿದೆ. ರಟ್ಟಿನ ಗಾಳಿಯದ್ದು, ಮುಚ್ಚಿದ ಮೊರದ್ದು. ಖಾಲಾ ಬಂದ ದಿನದ ಪುಟವನ್ನೂ ಓದಿದೆ. ಕೊನೆಗೆ, ತಂಬಾಕು ಮನೆಯಲ್ಲೇ ಇರಲಿ, ಮಕ್ಕಳು ಇಲ್ಲಿಗೆ ಬರಲಿ ಎಂದೆ. ಅಷ್ಟುದ್ದ ಮಾತು ನಾನು ಯಾರೆದುರಿಗೂ ಆಡಿದವಳಲ್ಲ.

“ಆಕಿ ಏನ್ ಹೇಳಾಕತ್ತಾಳ?” ಎಂದು ಹಿಂದಿನಿಂದ ಯಾರೋ ಕೇಳಿದರು. ಕನ್ನಡದಲ್ಲೂ ಹೇಳಿದೆ.

“ಈಗ ಖರೇ ಬೇಕಾದ್ದ ಕೇಳಿದಿ ನೋಡ,” ಎಂದಳು ದುಂಡವ್ವ ಆಯಿ.

ಮೇಡಂ ಯಾವ ಮಾತನ್ನೂ ಕೊಡಲಿಲ್ಲ. ಇದು ‘ಕೆಲಸದ ಸ್ಥಳ’ ಎಂದು ಮಂಜೂರಾದದ್ದು, ಕಂಪನಿಯವರೂ ಒಪ್ಪಬೇಕು, ನೀವು ಹೇಳಿದ್ದನ್ನೇ ಬರೆದು ಕಳಿಸಿ ಎಂದರು. ಜೀಪು ಹತ್ತುವಾಗ ಸಂಜಯ ಸರ್, “ಬರದ ಕಳಸು. ತಪ್ಪು ಯಾರ್ದು ಅನ್ನೂದನ್ನೂ ಬರಿ,” ಎಂದರು. ಬರೆದೆ. ಮೊದಲನೆಯ ಸಾಲಿನಲ್ಲೇ ಬರೆದೆ.

ಐದು ವಾರಗಳ ನಂತರ ಉತ್ತರ ಬಂತು. ಮಕ್ಕಳಿಗೆಂದು ಮೂರು ತಿಂಗಳು ನಡೆಸಿ ನೋಡಿ, ಆಮೇಲೆ ಮುಂದಿನದು. ಸಂಜಯ ಸರ್ ಅದನ್ನು ಓದಿ ಹೇಳಿ, “ನಿನ್ನ ಪಗಾರಕ್ಕೂ ಮೂರ ತಿಂಗಳ,” ಎಂದು ಫೋನಿಟ್ಟರು.

ಇಂದು ಬೆಳಿಗ್ಗೆ ಒಂಬತ್ತು ಮಕ್ಕಳು ಬಂದವು. ಎಲ್ಲರಿಗಿಂತ ಕೊನೆಗೆ ಮೆಹರುಬಿ ಖಾಲಾ ಬಂದಳು, ಈದಿಗೆ ಉಡುವ ಹಸಿರು ಸೀರೆ ಉಟ್ಟುಕೊಂಡು. ಕಟ್ಟೆಯ ಮೇಲೆ ಕೂತಿದ್ದ ದುಂಡವ್ವ ಆಯಿ ಬಿಡುತ್ತಾಳೆಯೇ?

“ಏನ್ ಬೇ ಮೆಹರುಬಿ, ಬೀಗರ ಮನಿಗೆ ಹೊಂಟಿಯೇನ?”

“ಕೆಲಸದ ಸೀರ್ಯಾಗ ಧೂಳ ಇರತೈತಲ್ಲ, ದುಂಡವ್ವಕ್ಕಾ,” ಎಂದಳು ಖಾಲಾ. ಹೊರಗಿನ ನಳದಲ್ಲಿ ಮೊಣಕೈವರೆಗೆ ಕೈ ತೊಳೆದಳು. ಬೆರಳುಗಳನ್ನು ಮೂಗಿನ ಹತ್ತಿರ ಹಿಡಿದು ನೋಡಿ, ಇನ್ನೊಮ್ಮೆ ತೊಳೆದಳು. ಆಮೇಲೆ ಅಫ್ರೀನಳನ್ನು ನನ್ನ ಕೈಗೆ ಕೊಟ್ಟಳು.